ಪ್ಲಾಸ್ಟಿಕ್ ಸರ್ಜರಿಗೂ ಶ್ರೀರಂಗಪಟ್ಟಣಕ್ಕೂ ಏನು ನಂಟು?

ಪ್ರಶ್ನೆ: ಶ್ರೀರಂಗಪಟ್ಟಣದ ಯುದ್ಧದಲ್ಲಿ ಮೂಗು ಕಳೆದುಕೊಂಡವನೊಬ್ಬನಿಂದ ಯುರೋಪಿನವರು ಪ್ಲಾಸ್ಟಿಕ್ ಸರ್ಜರಿ ಕಲಿತರೆಂದು ನಮ್ಮ ಮಂಡ್ಯದ ಕಡೆ ಹೇಳುತ್ತಾರೆ. ನಿಜವೇ?

ಉತ್ತರ: ಬಹುಮಟ್ಟಿಗೆ ನಿಜ, ಆದರೆ ಶಸ್ತ್ರಚಿಕಿತ್ಸೆ ಇಲ್ಲಿ ನಡೆದದ್ದಲ್ಲ. 1792ರ ಯುದ್ಧದಲ್ಲಿ ಇಂಗ್ಲಿಷರ ಸೇನೆಯಲ್ಲಿ ಎತ್ತು ಹೊಡೆಯುತ್ತಿದ್ದ ಕೋವಾಸ್‌ಜೀ ಎಂಬ ಮರಾಠ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡು, ಶ್ರೀರಂಗಪಟ್ಟಣದ ಬಳಿ ಬೀಡುಬಿಟ್ಟಿದ್ದ ಬಾಂಬೆ ಸೇನೆಯನ್ನು ಸೇರಿಕೊಂಡ. ವರ್ಷದ ಮೇಲೆ ಪುಣೆಯ ಸಮೀಪ, ಇಟ್ಟಿಗೆ ಮಾಡುವ ಜಾತಿಯ ಒಬ್ಬಾತ ಅವನಿಗೆ ಹೊಸ ಮೂಗು ಕಟ್ಟಿದ.

ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜಿನ್ 1794ರಲ್ಲಿ ಪ್ರಕಟಿಸಿದ ಪತ್ರದಲ್ಲಿ ಆ ಕ್ರಮದ ವಿವರವಿದೆ. ತೆಳುವಾದ ಮೇಣದ ಹಾಳೆಯನ್ನು ಮೂಗಿನ ಆಕಾರಕ್ಕೆ ಹೊಂದಿಸಿ, ಬಿಡಿಸಿ ಹಣೆಯ ಮೇಲಿಟ್ಟು, ಅದರ ಸುತ್ತ ಗೆರೆ ಎಳೆದು, ಅಷ್ಟು ಚರ್ಮವನ್ನು ಸುಲಿಯುತ್ತಿದ್ದರು. ಎರಡು ಕಣ್ಣುಗಳ ನಡುವಿನ ಸಣ್ಣ ಎಳೆಯನ್ನು ಮಾತ್ರ ಕತ್ತರಿಸದೆ ಉಳಿಸುತ್ತಿದ್ದರು. ಇಡೀ ಜಾಣತನವಿದ್ದದ್ದು ಈ ಎಳೆಯಲ್ಲಿ: ಕೆಳಕ್ಕೆ ತಿರುಗಿಸಿದ ಚರ್ಮ ಹೊಸ ಜಾಗದಲ್ಲಿ ಬೇರೂರುವವರೆಗೆ ರಕ್ತ ಹರಿಯುತ್ತಿದ್ದುದು ಅದರ ಮೂಲಕವೇ. ಹೊಲಿಗೆಯಿಲ್ಲ, ವೀಳ್ಯಕ್ಕೆ ಬಳಸುವ ಕಾಚನ್ನು ನೀರಿನಲ್ಲಿ ಕಲಸಿ ಬಟ್ಟೆಯ ಪಟ್ಟಿಗಳಿಗೆ ಹಚ್ಚಿ ಅಂಟಿಸುತ್ತಿದ್ದರು, ನಾಲ್ಕು ದಿನದ ಬಳಿಕ ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ ಇಡುತ್ತಿದ್ದರು. ಸುಮಾರು ಇಪ್ಪತ್ತೈದನೆಯ ದಿನ ಆ ಎಳೆಯನ್ನು ಕತ್ತರಿಸುತ್ತಿದ್ದರು. ಸುಶ್ರುತ ಸಂಹಿತೆಯಲ್ಲಿಯೂ ಮೂಗು ಕಟ್ಟುವ ಕ್ರಮವಿದೆ, ಆದರೆ ಅಲ್ಲಿ ಚರ್ಮ ಬರುವುದು ಕೆನ್ನೆಯಿಂದ.

ಈ ವರದಿಯನ್ನು ಕುತೂಹಲದ ಸುದ್ದಿಯಾಗಿ ಓದಿ ಮರೆತುಬಿಡದವನು ಜೋಸೆಫ್ ಕಾರ್ಪ್ಯೂ. 1764ರಲ್ಲಿ ಹುಟ್ಟಿದ ಆತ ಪಾದ್ರಿಯಾಗಬೇಕಿದ್ದವನು. ಕೊನೆಗೆ ಶಸ್ತ್ರವೈದ್ಯನೂ ಅಂಗರಚನಾಶಾಸ್ತ್ರದ ಹೆಸರಾಂತ ಬೋಧಕನೂ ಆದ. ಭಾರತದಲ್ಲಿದ್ದು ಬಂದವರನ್ನು ವಿಚಾರಿಸಿದ, ಶವಗಳ ಮೇಲೆ ಕೈ ಪಳಗಿಸಿಕೊಂಡ, ಆಮೇಲೆಯೇ, 1814ರ ಅಕ್ಟೋಬರಿನಲ್ಲಿ, ಚೆಲ್ಸಿಯ ಸೈನಿಕ ಆಸ್ಪತ್ರೆಯಲ್ಲಿ ಒಬ್ಬ ಸೇನಾಧಿಕಾರಿಯ ಮೇಲೆ ಪ್ರಯೋಗಿಸಿದ. ಅರಿವಳಿಕೆ ಬರಲು ಇನ್ನೂ ಮೂರು ದಶಕಗಳಿದ್ದವೆಂಬುದನ್ನು ನೆನೆದರೆ ರೋಗಿಯ ಧೈರ್ಯವೂ ಕಡಿಮೆಯದೇನಲ್ಲ. ಎರಡನೆಯ ರೋಗಿಯದೂ ಸೇರಿದಂತೆ ಎರಡೂ ಚಿಕಿತ್ಸೆಗಳ ವಿವರವನ್ನು 1816ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಮೇಲೆ ಈ ವಿದ್ಯೆ ಯುರೋಪಿನಲ್ಲಿ ಹಬ್ಬಿತು.

ಕಾರ್ಪ್ಯೂವಿನ ಹಿರಿಮೆ ಹೊಸತನ್ನು ಕಂಡುಹಿಡಿದುದರಲ್ಲಿಲ್ಲ, ಪರರ ವಿದ್ಯೆಯನ್ನು ಪರೀಕ್ಷಿಸಿ, ಅದರ ಮೂಲವನ್ನು ಮುಚ್ಚಿಡದೆ ಬರೆದುದರಲ್ಲಿದೆ ಎಂಬುದು ನನ್ನ ಎಣಿಕೆ. ಪುಣೆಯ ಆ ಕುಶಲಿಯ ಜಾತಿಯನ್ನು ಹೇಳಿದ ಪತ್ರ ಹೆಸರನ್ನು ಹೇಳಲಿಲ್ಲ. ಚರ್ಮದ ಕ್ಯಾನ್ಸರಿನಿಂದ ಮೂಗು ಕಳೆದುಕೊಂಡವರಿಗೆ ಇಂದಿಗೂ ಹಣೆಯ ಚರ್ಮವನ್ನೇ ತಿರುಗಿಸಿ ಮೂಗು ಕಟ್ಟುವುದುಂಟು.