ಲಾಗಿನ್ ಒಳಗಿನ ಮರದ ತುಂಡು

‘ಲಾಗಿನ್ ಆದ್ಯಾ ಗುರು?’ ಬೆಂಗಳೂರಿನಲ್ಲಿ ಬೆಳಗಾದರೆ ಈ ಮಾತು ಕಿವಿಗೆ ಬೀಳುತ್ತದೆ. ಕ್ಯಾಬ್ ಓಡಿಸುವವರು, ಊಟ ತಲುಪಿಸುವ ಹುಡುಗರು, ಮನೆಯಿಂದಲೇ ಕೆಲಸ ಮಾಡುವ ಟೆಕ್ಕಿಗಳು, ಎಲ್ಲರೂ ಲಾಗಿನ್ ಆಗುವವರೇ. ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಆದರೂ ಈ ಪದ ಇಲ್ಲಿಗೆ ಬಂದಿರುವುದು ಹಡಗಿನಿಂದ.

ಇಂಗ್ಲಿಷಿನಲ್ಲಿ ಲಾಗ್ ಅಂದರೆ ಮರದ ಕೊರಡು. ನಡುಸಮುದ್ರದಲ್ಲಿ ಸುತ್ತಲೂ ಬರೀ ನೀರು. ಹಡಗು ಎಷ್ಟು ವೇಗವಾಗಿ ಹೋಗುತ್ತಿದೆ ಅಂತ ತಿಳಿಯೋಕೆ ಒಂದು ಗುರುತು ಬೇಕಲ್ವಾ? ಅದಕ್ಕೆ ನಾವಿಕರು ಹಗ್ಗ ಕಟ್ಟಿದ ಮರದ ತುಂಡನ್ನು ಹಿಂಬದಿಯಿಂದ ನೀರಿಗೆ ಎಸೆಯುತ್ತಿದ್ದರು. 1574ರಲ್ಲೇ ವಿಲಿಯಂ ಬೌರ್ನ್ ಎಂಬ ಇಂಗ್ಲಿಷ್ ಲೇಖಕ ಈ ವಿಧಾನದ ಬಗ್ಗೆ ಬರೆದಿದ್ದ. ಆಮೇಲೆ ಆ ತುಂಡು ಕಾಲುವೃತ್ತದ ಹಲಗೆಯಾಯಿತು. ಬಾಗಿದ ಅಂಚಿಗೆ ಸೀಸ ಕೂರಿಸಿದ್ದರಿಂದ ಅದು ನೀರಲ್ಲಿ ನೆಟ್ಟಗೆ ನಿಂತು, ಬಿದ್ದ ಜಾಗದಲ್ಲೇ ಹೆಚ್ಚುಕಮ್ಮಿ ಉಳಿಯುತ್ತಿತ್ತು. ಹಡಗು ಮುಂದೆ ಹೋದಂತೆ ಸುರುಳಿಯಿಂದ ಹಗ್ಗ ಬಿಚ್ಚಿಕೊಳ್ಳುತ್ತಿತ್ತು. ಹಗ್ಗದಲ್ಲಿ ಸುಮಾರು 14.4 ಮೀಟರಿಗೊಂದು ಗಂಟು. ಒಬ್ಬ 28 ಸೆಕೆಂಡಿನ ಮರಳುಗಡಿಯಾರ ಹಿಡಿದರೆ, ಇನ್ನೊಬ್ಬ ಕೈಯಿಂದ ಜಾರುವ ಗಂಟುಗಳನ್ನು ಎಣಿಸುತ್ತಿದ್ದ. ಗಂಟಿಗೆ ಇಂಗ್ಲಿಷಿನಲ್ಲಿ ನಾಟ್. ಐದು ಗಂಟು ಜಾರಿದರೆ ವೇಗ ಐದು ನಾಟ್, ಅಂದರೆ ಗಂಟೆಗೆ 9 ಕಿ.ಮೀ.ಗೂ ಸ್ವಲ್ಪ ಜಾಸ್ತಿ. ಸಂಜೆ ಹೊತ್ತಿನ ಔಟರ್ ರಿಂಗ್ ರೋಡ್ ಟ್ರಾಫಿಕ್ ಅನ್ನಿ. ಚಂಡಮಾರುತದ ಸುದ್ದಿಯಲ್ಲಿ ಕೇಳುವ ನಾಟ್ ಕೂಡ ಇದೇ.

ಈ ಲೆಕ್ಕ ಬರೆದಿಟ್ಟ ಪುಸ್ತಕ ಲಾಗ್‌ಬುಕ್ ಆಯಿತು. ಬರಬರುತ್ತಾ ಗಾಳಿ, ದಿಕ್ಕು, ಹಡಗಿನಲ್ಲಿ ನಡೆದದ್ದು ಎಲ್ಲವೂ ಅದಕ್ಕೇ ಸೇರಿತು. ಅಲ್ಲಿಂದ ಪದ ವಿಮಾನಕ್ಕೂ ಪ್ರಯೋಗಾಲಯಕ್ಕೂ ಹೋಯಿತು. 1947ರಲ್ಲಿ ಹಾರ್ವರ್ಡ್‌ನ ಮಾರ್ಕ್ 2 ಕಂಪ್ಯೂಟರಿನೊಳಗೆ ಸಿಕ್ಕ ಪತಂಗವನ್ನು ಟೇಪ್ ಹಾಕಿ ಅಂಟಿಸಿದ್ದು ಲಾಗ್‌ಬುಕ್ಕಿನ ಪುಟಕ್ಕೇ. ಬಗ್ ಅಂದರೆ ಹುಳ; ಕಂಪ್ಯೂಟರಿನ ದೋಷಕ್ಕೆ ‘ಬಗ್’ ಅನ್ನುವಾಗೆಲ್ಲ ನಮ್ಮ ಟೆಕ್ಕಿಗಳು ನೆನೆಯುವ ಪತಂಗ ಅದು.

ಲಾಗ್ ಹೋಗಿ ಲಾಗಿನ್ ಆದದ್ದು 1960ರ ದಶಕದ ಶುರುವಿನಲ್ಲಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸಿಟಿಎಸ್‌ಎಸ್ ಎಂಬ ವ್ಯವಸ್ಥೆ ಬಂತು. ಒಂದೇ ಕಂಪ್ಯೂಟರನ್ನು ಹಲವರು ಒಟ್ಟಿಗೆ ಬಳಸಬಹುದಿತ್ತು. ಆದರೆ ಯಂತ್ರದ ಒಂದೊಂದು ನಿಮಿಷವೂ ದುಬಾರಿ. ಲಾಗ್‌ಬುಕ್ಕಿನ ಹಾಗೆ ಯಾರು ಎಷ್ಟು ಬಳಸಿದರು ಅನ್ನೋ ಲೆಕ್ಕ ಇಡಲೇಬೇಕು. ಹಾಗಾಗಿ ‘ಲಾಗಿನ್’ ಅಂತ ಟೈಪ್ ಮಾಡಿ, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಬೇಕಿತ್ತು.

1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು, ಹಿಂದೆಯೇ ಬೇರೆ ಕಂಪನಿಗಳೂ ಬಂದವು. ಎಷ್ಟೋ ವರ್ಷ ಆಫೀಸಿನೊಳಗೇ ಇದ್ದ ಲಾಗಿನ್‌ ಅನ್ನು ಬೀದಿಗೆ ತಂದದ್ದು ಮೊಬೈಲ್ ಆ್ಯಪ್. ಅಂದು ಎಣಿಸಿದ್ದು ಯಂತ್ರದ ಹೊತ್ತು, ಈಗ ಎಣಿಸುವುದು ಮನುಷ್ಯನ ಹೊತ್ತು. ‘ಲಾಗಿನ್ ಅವರ್ಸ್’ ಕಮ್ಮಿಯಾದರೆ ಇನ್ಸೆಂಟಿವ್ ಕೈತಪ್ಪಬಹುದು. ಅದಕ್ಕೇ ಆರ್ಡರ್ ಇಲ್ಲದಿದ್ದರೂ ಹುಡುಗರು ಹೋಟೆಲ್ ಮುಂದೆ ಬೈಕ್ ಮೇಲೆ ಕೂತೇ ಇರುತ್ತಾರೆ, ಲಾಗೌಟ್ ಮಾಡುವುದಿಲ್ಲ.