ತಂದೆ, ಮಗ, ಪವಿತ್ರಾತ್ಮ: ಹಳೇ ಜಗಳ ನಮ್ಮ ಕಡೆ ಬಂದ ದಾರಿ

ದೇವರು ಒಬ್ಬನೇ ಅನ್ನುವ ಕ್ರೈಸ್ತರು ತಂದೆ, ಮಗ (ಯೇಸು), ಪವಿತ್ರಾತ್ಮ ಅಂತ ಮೂರು ಹೆಸರು ಹೇಳುತ್ತಾರೆ. ಹಾಗಾದರೆ ದೇವರು ಒಬ್ಬನೋ, ಮೂವರೋ? ಸಂಡೇ ಸ್ಕೂಲಿನ ಮಕ್ಕಳು ಹೀಗೆ ಕೇಳಿದರೆ ಹೇಳೋದಕ್ಕೆ ಒಂದು ಸುಲಭದ ಉದಾಹರಣೆ ಇದೆ. ನಿಮ್ಮಪ್ಪ ನಿನಗೆ ಅಪ್ಪ, ಅಜ್ಜಿಗೆ ಮಗ, ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಹೆಸರು ಮೂರು, ಆಳು ಒಬ್ಬನೇ. ಮಕ್ಕಳು ತಲೆಯಾಡಿಸುತ್ತಾರೆ. ಆದರೆ ಕ್ರೈಸ್ತ ಸಭೆ (ಚರ್ಚ್) 3ನೇ ಶತಮಾನದಲ್ಲೇ ತಪ್ಪು ಅಂತ ತಳ್ಳಿಹಾಕಿದ್ದು ಇದನ್ನೇ!

ರೋಮ್‌ನಲ್ಲಿದ್ದ ಸಬೆಲ್ಲಿಯಸ್ ಹೆಚ್ಚುಕಡಿಮೆ ಹೀಗೇ ಕಲಿಸುತ್ತಿದ್ದ. ಹಾಗಾದರೆ ಗೆತ್ಸೇಮನೆ ತೋಟದಲ್ಲಿ ಯೇಸು ಪ್ರಾರ್ಥಿಸಿದ್ದು ಯಾರಿಗೆ, ತನಗೆ ತಾನೇನಾ? ಈ ಬೋಧನೆ ಒಪ್ಪದವರ ತಕರಾರು ಇದು.

ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್ ಇನ್ನೊಂದು ತುದಿಗೆ ಹೋದ. ಮಗನನ್ನು ತಂದೆಯೇ ಉಂಟುಮಾಡಿದ್ದು, ಮಗನಿಲ್ಲದ ಹೊತ್ತೂ ಇತ್ತು ಅಂದ. ‘ತಂದೆ ನನಗಿಂತ ದೊಡ್ಡವನು’ ಅಂತ ಯೇಸುವೇ ಹೇಳಿದ್ದು ಯೋಹಾನನ ಸುವಾರ್ತೆಯಲ್ಲಿದೆ. ‘ನಾನೂ ತಂದೆಯೂ ಒಂದೇ’ ಅಂದಿದ್ದೂ ಅದೇ ಸುವಾರ್ತೆಯಲ್ಲಿದೆ. ಎರಡೂ ಕಡೆಯವರ ಕೈಯಲ್ಲಿ ವಚನ ಇತ್ತು. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ಈಗಿನ ಟರ್ಕಿಯ ನೈಸಿಯಾದಲ್ಲಿ ಬಿಷಪ್‌ಗಳನ್ನು ಕೂಡಿಸಿದ. ತಂದೆ, ಮಗ ಒಂದೇ ಸತ್ವದವರು ಅಂತ ತೀರ್ಮಾನವಾಯಿತು. ಜಗಳ ಮಾತ್ರ ಮುಗಿಯಲಿಲ್ಲ. ನೈಸಿಯಾ ಪರ ನಿಂತ ಅಥನೇಸಿಯಸ್‌ನನ್ನು ಐದು ಸಲ ಗಡೀಪಾರು ಮಾಡಿದರು. ಪವಿತ್ರಾತ್ಮನೂ ದೇವರೇನಾ ಅನ್ನೋ ವಿಷಯ ಇತ್ಯರ್ಥವಾಗಲು 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಬಿಷಪ್‌ಗಳು ಮತ್ತೆ ಕೂಡಬೇಕಾಯಿತು.

ಯೇಸು ದೇವರಾದರೆ ಮನುಷ್ಯ ಹೇಗಾದ? ಒಬ್ಬನೇ ವ್ಯಕ್ತಿ, ಎರಡು ಸ್ವಭಾವ ಅಂತ 451ರಲ್ಲಿ ಕಾಲ್ಸಿಡನ್‌ನಲ್ಲಿ ಕೂಡಿದ ಬಿಷಪ್‌ಗಳು ಹೇಳಿದರು. ಈಜಿಪ್ಟ್, ಸಿರಿಯಾ ಕಡೆಯ ಬಹಳ ಮಂದಿ ಒಪ್ಪಲಿಲ್ಲ. ದೈವತ್ವ, ಮನುಷ್ಯತ್ವ ಎರಡೂ ಕೂಡಿದ ಒಂದೇ ಸ್ವಭಾವ ಅನ್ನೋದು ಅವರ ವಾದ. ಕೇರಳದ ಆರ್ಥಡಾಕ್ಸ್ ಮತ್ತು ಯಾಕೋಬಾಯ ಸಭೆಗಳು ಈ ಸಾಲಿನವೇ. 1973ರಲ್ಲಿ ಕ್ಯಾಥೊಲಿಕರ ಪೋಪ್ 6ನೇ ಪಾಲ್ ಮತ್ತು ಇದೇ ಸಾಲಿನ ಈಜಿಪ್ಟಿನ ಕಾಪ್ಟಿಕ್ ಸಭೆಯ ಪೋಪ್ 3ನೇ ಶೆನೂಡ ಒಂದೇ ಹೇಳಿಕೆಗೆ ಸಹಿ ಹಾಕಿ, ಯೇಸು ಪೂರ್ಣ ದೇವರು, ಪೂರ್ಣ ಮನುಷ್ಯ ಅಂದರು. ಇಷ್ಟು ಹೇಳೋದಕ್ಕೆ ಒಂದೂವರೆ ಸಾವಿರ ವರ್ಷ!

ನಮ್ಮ ಕಡೆಗೆ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಧರ್ಮಪ್ರಚಾರ ಸಂಸ್ಥೆ ಬಾಸೆಲ್ ಮಿಷನ್ ಬಂದಿದ್ದು 1837ರಲ್ಲಿ, ಮೊದಲು ಧಾರವಾಡಕ್ಕೆ. 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಬೆಟಗೇರಿ. ಅದರಲ್ಲಿ ಜರ್ಮನಿಯ ಮಾರ್ಟಿನ್ ಲೂಥರ್ ಹಾದಿಯ ಲೂಥರನ್ನರೂ ಇದ್ದರು, ಸ್ವಿಸ್ ರಿಫಾರ್ಮ್ಡ್ ಸಭೆಯವರೂ ಇದ್ದರು. ಈ ಎರಡು ಕಡೆಯವರದ್ದೂ ಹಳೇ ವ್ಯಾಜ್ಯ. 1529ರಲ್ಲಿ ಮಾರ್ಬುರ್ಗ್‌ನಲ್ಲಿ ಲೂಥರ್, ರೊಟ್ಟಿ ಕೊಡುತ್ತ ಯೇಸು ಹೇಳಿದ ‘ಇದು ನನ್ನ ದೇಹ’ ಅನ್ನೋ ಮಾತನ್ನು ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದೇ ಕೂತಿದ್ದ. ಸತ್ತು ಮತ್ತೆ ಎದ್ದುಬಂದ ಯೇಸುವಿನ ದೇಹ ಪರಲೋಕದಲ್ಲಿದೆ, ರೊಟ್ಟಿಯಲ್ಲಿ ಹೇಗೆ ಇರುತ್ತೆ ಅನ್ನೋದು ಸ್ವಿಸ್ ನಾಯಕ ಜ್ವಿಂಗ್ಲಿಯ ಪ್ರಶ್ನೆ. ಮೇಲ್ನೋಟಕ್ಕೆ ಕರ್ತನ ಭೋಜನದ (ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಯ) ಜಗಳ, ಒಳಗೆ ಯೇಸುವಿನ ಸ್ವಭಾವದ್ದೇ. ಬಾಸೆಲ್‌ನವರು ಎರಡೂ ಕಡೆಯವರನ್ನು ಸೇರಿಸಿಕೊಂಡೇ ಹೊರಟಿದ್ದರು. ಅವರ ಸಭೆಗಳು ಮುಂದೆ ಸಿಎಸ್‌ಐಗೆ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಅನ್ನೋ ಪ್ರೊಟೆಸ್ಟಂಟ್ ಸಭೆಗೆ ಸೇರಿದವು. ಸಿಎಸ್‌ಐನವರಿಗೂ ಕ್ಯಾಥೊಲಿಕರಿಗೂ ಮರಿಯಮ್ಮ, ಪೋಪ್ ವಿಷಯದಲ್ಲಿ ಭಿನ್ನಾಭಿಪ್ರಾಯ ಜಾಸ್ತಿ. ತ್ರಿಯೇಕ ದೇವರ (ತಂದೆ, ಮಗ, ಪವಿತ್ರಾತ್ಮ ಮೂವರಾಗಿರುವ ಒಬ್ಬನೇ ದೇವರ) ವಿಷಯದಲ್ಲಿ ಇಬ್ಬರೂ ನೈಸಿಯಾ ಮಾತನ್ನೇ ಒಪ್ಪುತ್ತಾರೆ.

ಹೊಸ ಬಿರುಕು ಬಂದಿದ್ದು ಅಮೆರಿಕದಿಂದ. ಅಲ್ಲಿನ ಪೆಂಟೆಕೋಸ್ಟಲ್ (ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ) ಸಭೆಗಳಲ್ಲಿ ಕೆಲವರು 1913ರ ನಂತರ ಬೇರೆ ದಾರಿ ಹಿಡಿದರು. ದೇವರು ಒಬ್ಬನೇ, ಅವನ ಹೆಸರು ಯೇಸು, ದೀಕ್ಷಾಸ್ನಾನವೂ (ನೀರಿನಿಂದ ಸಭೆಗೆ ಸೇರಿಸಿಕೊಳ್ಳುವ ವಿಧಿ) ಆ ಒಂದೇ ಹೆಸರಿನಲ್ಲಿ ಅಂದರು. ಬೈಬಲ್‌ನ ಅಪೊಸ್ತಲರ ಕೃತ್ಯಗಳು 2:38 ಅವರ ಆಧಾರ. ಉಳಿದವರು ಮತ್ತಾಯ 28:19 ತೆಗೆದು ತಂದೆ, ಮಗ, ಪವಿತ್ರಾತ್ಮ ಮೂರೂ ಬೇಕು ಅಂತಾರೆ. ನನಗೇನೋ ಈ ‘ಯೇಸು ಹೆಸರಿನ’ ಸಭೆಯವರದ್ದು ಸಬೆಲ್ಲಿಯಸ್‌ನ ಮಾತೇ ತಿರುಗಿ ಬಂದಂತೆ ಕಾಣುತ್ತದೆ. ಅವರು ಮಾತ್ರ ಹಾಗೆ ಒಪ್ಪಲಾರರು. ಯೆಹೋವನ ಸಾಕ್ಷಿಗಳು ಅನ್ನೋ ಇನ್ನೊಂದು ಪಂಗಡದ ಮಾತು ಏರಿಯಸ್‌ಗೆ ಹತ್ತಿರ: ಯೇಸು ದೇವರ ಮಗ, ಆದರೆ ದೇವರಲ್ಲ.

ಇದೆಲ್ಲ ಸುಮ್ನೆ ಪುಸ್ತಕದ ಮಾತು ಅನ್ನಿಸಬಹುದು. ಆದರೆ ಮದುವೆ ಸಂಬಂಧ ಬೆಳೆಸುವಾಗ ಇದು ಮನೆಗೇ ಬರುತ್ತದೆ. ಬೆಟಗೇರಿಯ ಸಿಎಸ್‌ಐ ಹುಡುಗಿ ಹುಬ್ಬಳ್ಳಿಯ ಕೇಶ್ವಾಪುರದ ಕ್ಯಾಥೊಲಿಕ್ ಮನೆ ಸೇರಿ ಕ್ಯಾಥೊಲಿಕಳಾದರೆ ಅವಳಿಗೆ ಮತ್ತೆ ದೀಕ್ಷಾಸ್ನಾನ ಕೊಡುವುದಿಲ್ಲ, ಮೊದಲಿನದ್ದೇ ನಡೆಯುತ್ತದೆ. ತ್ರಿಯೇಕ ದೇವರನ್ನು ಒಪ್ಪದ ಯೆಹೋವನ ಸಾಕ್ಷಿಗಳಿಂದ ಬಂದವಳಾದರೆ ಹೊಸದಾಗಿ ಕೊಡಬೇಕು. ‘ಯೇಸು ಹೆಸರಿನ’ ಸಭೆಗೆ ಹೋದರೆ ಸಿಎಸ್‌ಐನವಳೇ ಇರಲಿ, ಕ್ಯಾಥೊಲಿಕಳೇ ಇರಲಿ, ಮತ್ತೊಮ್ಮೆ ನೀರಿಗಿಳಿಯಲೇಬೇಕು.