ದೋಟಿ, ಕೊನೆಗೌಡ ಮತ್ತು ಮಂಗಳದ ರೋಬೋಟ್: ಸಿಗ್ನಲ್ ತಡವಾದಾಗ ಏನಾಗುತ್ತದೆ

ಬೇರೆ ಗ್ರಹಗಳಲ್ಲಿ ಮನುಷ್ಯರು ನೆಲೆ ಮಾಡಿದರೆ ರೋಬೋಟ್‌ಗಳು ಅಲ್ಲಿ ಯಾವ ಕೆಲಸ ಮಾಡುತ್ತವೆ ಎಂಬ ಪಾಠ ಓದುತ್ತಿದ್ದೇನೆ. ಒಂದೇ ಜಾಗದಲ್ಲಿ ನಾಲ್ಕು ದಿನ ಸಿಕ್ಕಿಕೊಂಡಿದ್ದೆ. ನಿನ್ನೆ ರಾತ್ರಿ ಆ ಗಂಟು ಬಿಚ್ಚಿತು, ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಸೆನ್ಸರ್, ಮೋಟಾರ್, ಪ್ರೋಗ್ರಾಂ ಇವನ್ನೆಲ್ಲ ಇಲ್ಲಿ ವಿವರಿಸಿಲ್ಲ, ಅವು ನಿಮಗೂ ಗೊತ್ತು. ನಾನು ಸಿಕ್ಕಿಕೊಂಡದ್ದು ಸಿಗ್ನಲ್ ತಡವಾಗಿ ತಲುಪುವ ವಿಷಯದಲ್ಲಿ. ರೋಬೋಟ್‌ಗೆ ಎಷ್ಟು ಸ್ವಂತ ಬುದ್ಧಿ ಕೊಡಬೇಕು ಎಂಬುದು ಬಹುಪಾಲು ಇದರ ಮೇಲೇ ನಿಂತಿದೆ.

8.3ರ ಗುಣಾಕಾರ

ರೇಡಿಯೋ ಸಿಗ್ನಲ್ ಬೆಳಕಿನ ವೇಗದಲ್ಲಿ ಹೋಗುತ್ತದೆ, ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ದೊಡ್ಡ ಆಂಟೆನಾ ಹಾಕಿದರೆ ಈ ತಡ ಕಡಿಮೆಯಾಗುತ್ತದೆ ಅಂದುಕೊಂಡಿದ್ದೆ. ಶಿರಸಿ ಕಡೆಯ ನಮ್ಮ ಹಳ್ಳಿಯಲ್ಲಿ ವಿಡಿಯೋ ಕಾಲ್ ತಡೆದು ತಡೆದು ಬರುತ್ತದೆ, ಗುಡ್ಡ ಹತ್ತಿದರೆ ಸರಿಯಾಗುತ್ತದೆ. ಅದೇ ತಲೆಯಲ್ಲಿತ್ತು. ಆದರೆ ದೊಡ್ಡ ಆಂಟೆನಾದಿಂದ ಒಂದು ಸೆಕೆಂಡಿನಲ್ಲಿ ಜಾಸ್ತಿ ಮಾಹಿತಿ ಕಳಿಸಬಹುದು, ಅಷ್ಟೇ. ಮಾಹಿತಿಯ ಮೊದಲ ಚೂರು ಎಷ್ಟು ಹೊತ್ತಿಗೆ ತಲುಪುತ್ತದೆ ಎಂಬುದು ದಾರಿಯ ಉದ್ದಕ್ಕೆ ಬಿಟ್ಟದ್ದು. ಅದನ್ನು ಯಾವ ಯಂತ್ರವೂ ಕಡಿಮೆ ಮಾಡಲಾರದು.

ಈಗ ನನಗೆ ತುಂಬ ಇಷ್ಟವಾದ ಸುಲಭ ದಾರಿ. ಸೂರ್ಯನಿಂದ ಭೂಮಿಗೆ ಸುಮಾರು 15 ಕೋಟಿ ಕಿ.ಮೀ. ಇದನ್ನು 3 ಲಕ್ಷದಿಂದ ಭಾಗಿಸಿದರೆ 500 ಸೆಕೆಂಡು, ಅಂದರೆ ಸುಮಾರು 8.3 ನಿಮಿಷ. ಈ ದೂರವನ್ನು ‘ಒಂದು ಅಳತೆ’ ಎಂದು ಇಟ್ಟುಕೊಳ್ಳಿ. ಮಂಗಳ ಸೂರ್ಯನಿಂದ ಸುಮಾರು ಒಂದೂವರೆ ಅಳತೆ ದೂರ. ಭೂಮಿ ಮತ್ತು ಮಂಗಳ ಸೂರ್ಯನ ಒಂದೇ ಬದಿಗಿದ್ದಾಗ ಮಧ್ಯದ ದೂರ 1.5ರಲ್ಲಿ 1 ಕಳೆದರೆ 0.5. ಎದುರು ಬದಿಗಿದ್ದಾಗ 1.5ಕ್ಕೆ 1 ಕೂಡಿದರೆ 2.5. ಎರಡನ್ನೂ 8.3ರಿಂದ ಗುಣಿಸಿ. ಹತ್ತಿರವಿದ್ದಾಗ ಸುಮಾರು 4 ನಿಮಿಷ, ದೂರವಿದ್ದಾಗ ಸುಮಾರು 21 ನಿಮಿಷ. ಸಿಗ್ನಲ್ ಒಂದು ಕಡೆಗೆ ಹೋಗಲು ಬೇಕಾದ ಹೊತ್ತು ಇದು.

ಹತ್ತಿರವಿದ್ದಾಗ 3 ನಿಮಿಷ ಎಂದು ಪುಸ್ತಕದಲ್ಲಿತ್ತು, ನನಗೆ 4 ಬರುತ್ತಿತ್ತು. ಲೆಕ್ಕ ತಪ್ಪಿತೆಂದು ಮೂರು ಸಲ ಮಾಡಿದೆ. ಲೆಕ್ಕ ಸರಿಯಾಗಿಯೇ ಇತ್ತು. ಮಂಗಳ ಸುತ್ತುವ ದಾರಿ ಪೂರ್ತಿ ದುಂಡಗಿಲ್ಲ. ಸೂರ್ಯನಿಂದ ಅದರ ದೂರ 1.38 ಅಳತೆಯಿಂದ 1.67 ಅಳತೆಯವರೆಗೆ ಬದಲಾಗುತ್ತದೆ. 1.38ರಲ್ಲಿ 1 ಕಳೆದು ಗುಣಿಸಿದರೆ 3 ನಿಮಿಷದ ಲೆಕ್ಕ ಸಿಗುತ್ತದೆ. 2003ರ ಆಗಸ್ಟ್‌ನಲ್ಲಿ ಮಂಗಳ ಸುಮಾರು 5.58 ಕೋಟಿ ಕಿ.ಮೀ. ಹತ್ತಿರ ಬಂದಿತ್ತು, ಆಗ ತಡ ಇದ್ದದ್ದು ಇಷ್ಟೇ.

ಚಂದ್ರನಿಗೆ ಈ ಅಳತೆ ಬೇಡ. 3,84,400 ಕಿ.ಮೀ. ದೂರ, ಒಂದು ಕಡೆಗೆ 1.3 ಸೆಕೆಂಡು.

ಹೋಗಿಬರುವ ಹೊತ್ತು ಯಾಕೆ ಬೇಕು?

ನನ್ನನ್ನು ಕಾಡಿದ್ದು ಈ ಹೆಜ್ಜೆ. ‘ನಿಲ್ಲು’ ಎಂಬ ಆಜ್ಞೆ ಇಲ್ಲಿಂದ ಅಲ್ಲಿಗೆ ಹೋದರೆ ಸಾಕಲ್ವಾ? ಮತ್ತೆ ಲೆಕ್ಕದಲ್ಲಿ ಯಾಕೆ ಎರಡರಿಂದ ಗುಣಿಸುತ್ತಾರೆ?

ಗಡಿಯಾರ ಇಟ್ಟುಕೊಂಡು ನೋಡಿದಾಗ ಅರ್ಥವಾಯಿತು. ಮಂಗಳ 20 ನಿಮಿಷ ದೂರದಲ್ಲಿದೆ ಅನ್ನಿ. 10 ಗಂಟೆಗೆ ಅಲ್ಲಿ ಗಾಲಿಯ ಮೇಲೆ ಓಡಾಡುವ ರೋಬೋಟ್, ಅಂದರೆ ರೋವರ್‌ನ ಕ್ಯಾಮೆರಾಗೆ ಮುಂದೆ ಒಂದು ಕಲ್ಲು ಕಾಣುತ್ತದೆ. ಆ ಚಿತ್ರ ನನ್ನ ಪರದೆಗೆ ಬರುವಾಗ 10:20. ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ‘ನಿಲ್ಲು’ ಎಂದು ಒತ್ತಿದೆ. ಅದು ರೋವರ್‌ಗೆ ತಲುಪುವಾಗ 10:40. ಕಲ್ಲು ಕಂಡದ್ದು 10ಕ್ಕೆ, ಬ್ರೇಕ್ ಬಿದ್ದದ್ದು 10:40ಕ್ಕೆ. ಮಧ್ಯದ 40 ನಿಮಿಷ ರೋವರ್ ಹೋಗುತ್ತಲೇ ಇತ್ತು. ನಿಂತಿತೋ ಇಲ್ಲವೋ ಎಂದು ನನಗೆ ಗೊತ್ತಾಗುವುದು 11 ಗಂಟೆಗೆ.

ನಾನು ಮರೆತದ್ದು ಇಷ್ಟನ್ನು: ಪರದೆಯಲ್ಲಿ ಕಾಣುವುದು ಈಗಿನ ಮಂಗಳ ಅಂದುಕೊಂಡಿದ್ದೆ. ಆದರೆ ಚಿತ್ರ ನನ್ನ ಹತ್ತಿರ ಬರುವಾಗಲೇ 20 ನಿಮಿಷ ಹಳತಾಗಿರುತ್ತದೆ. ಹಳೆಯ ಚಿತ್ರ ನೋಡಿ ನಾನು ಕೊಟ್ಟ ಆಜ್ಞೆ ತಲುಪಲು ಇನ್ನೂ 20 ನಿಮಿಷ. ಎರಡೂ ತಡ ಕೂಡಿಕೊಳ್ಳುತ್ತವೆ.

ಇದರಿಂದ ನಾನೇ ಒಂದು ಸೂತ್ರ ಮಾಡಿಕೊಂಡೆ: ವೇಗವನ್ನು ಹೋಗಿಬರುವ ಹೊತ್ತಿನಿಂದ ಗುಣಿಸಿದರೆ ‘ಕಾಣದ ದೂರ’. ಕಲ್ಲು ಕಂಡ ಮೇಲೂ, ನಾವು ತಡೆಯುವ ಮೊದಲು, ಯಂತ್ರ ಇಷ್ಟು ದೂರ ಹೋಗಿರುತ್ತದೆ. ಈ ಸೂತ್ರ ಸಿಕ್ಕ ಮೇಲೆ ಕಂಡ ಯಂತ್ರಕ್ಕೆಲ್ಲ ಹಾಕಿ ನೋಡಿದೆ.

ಚಂದ್ರಯಾನ-3ರ ಪ್ರಜ್ಞಾನ್ ರೋವರ್ ಸೆಕೆಂಡಿಗೆ 1 ಸೆಂ.ಮೀ. ಹೋಗುತ್ತಿತ್ತು. ಹೋಗಿಬರುವ ಹೊತ್ತು 2.6 ಸೆಕೆಂಡು. ಕಾಣದ ದೂರ 2.6 ಸೆಂ.ಮೀ., ಎರಡು ಬೆರಳಿನ ಅಗಲದಷ್ಟು. 2023ರ ಆಗಸ್ಟ್ 27ರಂದು 4 ಮೀಟರ್ ಅಗಲದ ಕುಳಿಯೊಂದು ಅದಕ್ಕೆ 3 ಮೀಟರ್ ಮುಂದೆ ಕಂಡಿತು. ಭೂಮಿಯಿಂದಲೇ ಆಜ್ಞೆ ಕೊಟ್ಟು ಬಂದ ದಾರಿಯಲ್ಲಿ ಹಿಂದಕ್ಕೆ ಕಳಿಸಿದರು. ಹಾಗೆ ಮಾಡಲು ಸಾಕಷ್ಟು ಸಮಯವಿತ್ತು.

ಮಂಗಳದ ಪರ್ಸಿವಿಯರೆನ್ಸ್ ರೋವರ್ ಸೆಕೆಂಡಿಗೆ ಸುಮಾರು 4 ಸೆಂ.ಮೀ. ಹೋಗಬಲ್ಲದು. ಇದೂ ನಿಧಾನವೇ. ಆದರೆ 40 ನಿಮಿಷ ಅಂದರೆ 2,400 ಸೆಕೆಂಡು. ಕಾಣದ ದೂರ 96 ಮೀಟರ್! ಹೆಚ್ಚುಕಡಿಮೆ ಒಂದು ಫುಟ್‌ಬಾಲ್ ಮೈದಾನ. ಅಷ್ಟು ದೂರ ಅದು ತನ್ನ ಕಣ್ಣಿನಿಂದ, ತನ್ನ ಬುದ್ಧಿಯಿಂದಲೇ ಹೋಗಬೇಕು. ಅದಕ್ಕೇ ಚಲಿಸುತ್ತಲೇ ಚಿತ್ರ ತೆಗೆದು, ಕಲ್ಲು ಎಲ್ಲಿದೆ ಎಂದು ತಾನೇ ಲೆಕ್ಕ ಹಾಕುವ ವ್ಯವಸ್ಥೆಯನ್ನು ಅದರಲ್ಲಿ ಇಟ್ಟಿದ್ದಾರೆ.

ನನಗೆ ಅತಿ ಖುಷಿ ಕೊಟ್ಟ ಲೆಕ್ಕ ಇನ್ನೊಂದು. ಚಂದ್ರನಿಗೆ ತಡ ಇಷ್ಟು ಕಡಿಮೆ ಇದ್ದರೂ, 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ನೌಕೆ ವಿಕ್ರಮ್ ಇಳಿಯುವಾಗ ಬೆಂಗಳೂರಿನಲ್ಲಿ ಕುಳಿತವರು ಅದನ್ನು ಯಾಕೆ ನಡೆಸಲಿಲ್ಲ? ಎಲ್ಲವನ್ನೂ ಅದೇ ನಿರ್ಧರಿಸಿತು, ಇಲ್ಲಿನವರು ನೋಡುತ್ತ ಕುಳಿತಿದ್ದರು. ಸೂತ್ರ ಹಾಕಿ. ಇಳಿಯಲು ಶುರು ಮಾಡಿದಾಗ ವೇಗ ಸೆಕೆಂಡಿಗೆ ಸುಮಾರು 1.68 ಕಿ.ಮೀ. ಅದನ್ನು 2.6ರಿಂದ ಗುಣಿಸಿದರೆ ಕಾಣದ ದೂರ 4 ಕಿ.ಮೀ.ಗಿಂತ ಜಾಸ್ತಿ. ಅಲ್ಲಿಂದ ಮುಂದೆ ವೇಗ ಕಡಿಮೆಯಾಗುತ್ತದೆ ನಿಜ, ಆದರೆ ನೆಲವೂ ಹತ್ತಿರ ಬರುತ್ತಿರುತ್ತದೆ. ಅಂದರೆ ತಡ ಮಾತ್ರ ನೋಡಿದರೆ ಸಾಲದು, ವೇಗವನ್ನೂ ಜೊತೆಗೇ ನೋಡಬೇಕು. ಮಂಗಳದಲ್ಲಿ ಕ್ಯೂರಿಯಾಸಿಟಿ ರೋವರ್ ಇಳಿದದ್ದು 2012ರ ಆಗಸ್ಟ್‌ನಲ್ಲಿ. ಇಳಿಯಲು ಬೇಕಾದದ್ದು 7 ನಿಮಿಷ, ಸಿಗ್ನಲ್ ಬರಲು ಸುಮಾರು 14 ನಿಮಿಷ. ವಾತಾವರಣ ಮುಟ್ಟಿತು ಎಂಬ ಸುದ್ದಿ ಇಲ್ಲಿ ಬರುವಾಗ ಅದು ಅಲ್ಲಿ ಇಳಿದು 7 ನಿಮಿಷ ಆಗಿಹೋಗಿತ್ತು.

ದೋಟಿ ಹಿಡಿಯುವುದು, ಕೊನೆಗೌಡರಿಗೆ ಹೇಳುವುದು

ಪಾಠದಲ್ಲಿ ರೋಬೋಟ್ ನಡೆಸುವ ಎರಡು ರೀತಿ ಬರುತ್ತದೆ: ಪ್ರತಿ ಚಲನೆಯನ್ನೂ ನಾವೇ ಮಾಡಿಸುವುದು ಒಂದು, ಗುರಿ ಮಾತ್ರ ಹೇಳಿ ಉಳಿದದ್ದನ್ನು ಅದಕ್ಕೇ ಬಿಡುವುದು ಇನ್ನೊಂದು. ವ್ಯಾಖ್ಯೆ ಓದಿದಾಗ ತಲೆಗೆ ಹತ್ತಲಿಲ್ಲ. ಅಡಿಕೆ ತೋಟದಲ್ಲಿ ನಿಂತಾಗ ಹತ್ತಿತು.

ಕಳೆದ ಕೊಯ್ಲಿನಲ್ಲಿ ನಾನು ಮೊದಲ ಸಲ ಉದ್ದದ ದೋಟಿ, ಅಂದರೆ ಕೊಯ್ಯುವ ಕೋಲು, ಹಿಡಿದೆ. ನೆಲದ ಮೇಲೆ ನಿಂತೇ ಮರದ ತುದಿಯ ಕೊನೆ (ಅಡಿಕೆ ಗೊಂಚಲು) ಕೊಯ್ಯಬೇಕು. ದೋಟಿ ಉದ್ದವಾದಷ್ಟೂ ತುದಿ ಬಳುಕುತ್ತದೆ. ಕೈ ನಿಂತ ಮೇಲೂ ತುದಿ ಆಡುತ್ತಿರುತ್ತದೆ. ಆಡುವಾಗಲೇ ಸರಿಪಡಿಸಲು ಹೋದರೆ ಇನ್ನೂ ಜಾಸ್ತಿ ಆಡುತ್ತದೆ. ದೊಡ್ಡಪ್ಪ ಪಕ್ಕದಲ್ಲಿ ನಿಂತು ಹೇಳಿದರು, ‘ತಮಾ, ಕೈ ನೋಡಡ, ತುದಿ ನೋಡು. ಅದು ನಿಂತ ಮೇಲೆ ಎಳಿ.’ ಸ್ವಲ್ಪ ಅಲುಗಿಸು, ನಿಲ್ಲು, ನೋಡು, ಮತ್ತೆ ಅಲುಗಿಸು.

ಇದೇ ಮಾತು ಪಾಠದಲ್ಲೂ ಇತ್ತು! 1960ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಫೆರೆಲ್ ಮತ್ತು ಥಾಮಸ್ ಶೆರಿಡನ್ ದೂರದಿಂದ ನಡೆಸುವ ಯಂತ್ರದ ಕೈಗಳನ್ನು ಅಧ್ಯಯನ ಮಾಡಿದರು. ಮಧ್ಯದಲ್ಲಿ ಬೇಕೆಂದೇ ತಡ ಸೇರಿಸಿದಾಗ, ನಡೆಸುವವರು ಒಂದು ಸಣ್ಣ ಚಲನೆ ಮಾಡಿ, ಫಲ ಕಾಣುವವರೆಗೆ ಕಾದು, ಆಮೇಲೆ ಮುಂದಿನದಕ್ಕೆ ಹೋಗುತ್ತಿದ್ದರು. ಕೆಲಸ ಕೆಡುತ್ತಿರಲಿಲ್ಲ, ಆದರೆ ಹೊತ್ತು ಹಿಡಿಯುತ್ತಿತ್ತು.

ಎಷ್ಟು ಹೊತ್ತು? ಒಂದು ವಾಲ್ವ್ ತೆರೆಯಲು 20 ಸಣ್ಣ ಚಲನೆ ಬೇಕು ಅನ್ನಿ. ಪ್ರತಿ ಚಲನೆಗೂ ಒಂದು ಸಲ ಹೋಗಿಬರುವ ಹೊತ್ತು ಕಾಯಬೇಕು. ಚಂದ್ರನಲ್ಲಿ 20 ಗುಣಿಸು 2.6, ಬರೀ 52 ಸೆಕೆಂಡು. ಮಂಗಳದಲ್ಲಿ 20 ಗುಣಿಸು 40 ನಿಮಿಷ, ಅಂದರೆ 13 ಗಂಟೆ 20 ನಿಮಿಷ. ಒಂದು ವಾಲ್ವ್‌ಗೆ! ಅದು ಆಮ್ಲಜನಕದ ವಾಲ್ವ್ ಆಗಿದ್ದರೆ ಅಲ್ಲಿರುವವರ ಗತಿ ಏನು?

ಇನ್ನೊಂದು ರೀತಿ ಕೊನೆಗೌಡರದು, ಅಂದರೆ ಮರ ಹತ್ತಿ ಕೊನೆ ಕೊಯ್ಯುವವರದು. ಅವರಿಗೆ ಬೆಳಿಗ್ಗೆ ‘ಇವತ್ತು ಕೆಳಗಿನ ತೋಟ ಮುಗಿಸಿ’ ಎಂದರೆ ಸಾಕು. ಯಾವ ಕೊನೆ ಹಣ್ಣಾಗಿದೆ, ಯಾವ ಮರ ಜಾರುತ್ತದೆ, ಒಂದು ಮರದಿಂದ ಇನ್ನೊಂದಕ್ಕೆ ಹೇಗೆ ದಾಟಬೇಕು, ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ನಾವು ಕೆಳಗೆ ಹಗ್ಗ ಹಿಡಿದು ನಿಂತಿರುತ್ತೇವೆ. ಏನಾದರೂ ವಿಶೇಷವಾದರೆ ಮಾತ್ರ ಅವರು ಕೂಗುತ್ತಾರೆ. ಗುರಿ ನಮ್ಮದು, ಕೈಯ ನಿರ್ಧಾರ ಅವರದು. ಮಂಗಳದ ರೋವರ್‌ಗಳಿಗೆ ಇವತ್ತೂ ಹೀಗೇ ಹೇಳುತ್ತಾರೆ. ಒಂದು ದಿನದ ಕೆಲಸದ ಪಟ್ಟಿ ಕಳಿಸಿ, ಆಮೇಲೆ ವರದಿ ನೋಡುತ್ತಾರೆ.

ಶುದ್ಧ ದೋಟಿ ರೀತಿಯ ಉದಾಹರಣೆ ಸೋವಿಯತ್ ರಷ್ಯಾದ ಲೂನೋಖೋದ್-1 ರೋವರ್. 1970ರ ನವೆಂಬರ್‌ನಲ್ಲಿ ಚಂದ್ರನಲ್ಲಿ ಇಳಿಯಿತು. ಭೂಮಿಯಲ್ಲಿ ಐದು ಜನರ ತಂಡ ಕುಳಿತು ಅದನ್ನು ಓಡಿಸುತ್ತಿತ್ತು. ಚಿತ್ರಗಳು ಕೆಲವು ಸೆಕೆಂಡಿಗೊಂದರಂತೆ ಬರುತ್ತಿದ್ದವು, ಹಾಗಾಗಿ ನಿಜವಾದ ತಡ 2.6ಕ್ಕಿಂತ ಜಾಸ್ತಿಯೇ. ಆದರೂ 10 ಕಿ.ಮೀ.ಗೂ ಹೆಚ್ಚು ದೂರ ಓಡಿಸಿದರು. ಆ ಐದು ಜನರ ತಾಳ್ಮೆ ದೊಡ್ಡದು.

ಮನುಷ್ಯರೇ ಅಲ್ಲಿಗೆ ಹೋದ ಮೇಲೆ

ಹಾಗಾದರೆ ನೆಲೆ ಆದ ಮೇಲೆ ತಡವೇ ಇಲ್ಲವಲ್ಲ, ಎಲ್ಲವನ್ನೂ ದೋಟಿ ರೀತಿಯಲ್ಲೇ ಮಾಡಬಹುದಲ್ವಾ ಎಂದು ಕೇಳಿಕೊಂಡೆ. ತಡ ಹೋಗುವುದು ನಿಜ. ಮಂಗಳದ ಉಪಗ್ರಹ ಫೋಬೋಸ್ ಮೇಲೆ ಕುಳಿತರೂ ನೆಲ ಸುಮಾರು 6,000 ಕಿ.ಮೀ. ಕೆಳಗೆ. ಹೋಗಿಬರಲು 0.04 ಸೆಕೆಂಡು. ಅದೇ ಪರ್ಸಿವಿಯರೆನ್ಸ್‌ಗೆ ಕಾಣದ ದೂರ 96 ಮೀಟರ್‌ನಿಂದ 2 ಮಿ.ಮೀ.ಗಿಂತ ಕೆಳಗೆ ಇಳಿಯುತ್ತದೆ.

ಆದರೆ ಆಗ ಇನ್ನೊಂದು ಕೊರತೆ ಬರುತ್ತದೆ, ಜನರದು. ನಾಲ್ಕೋ ಆರೋ ಜನ ಹೋಗಿರುತ್ತಾರೆ. ಒಬ್ಬರು ಒಂದು ರೋಬೋಟ್‌ನ ದೋಟಿ ಹಿಡಿದು ಕುಳಿತರೆ ಉಳಿದ ಕೆಲಸ ಯಾರು ಮಾಡಬೇಕು? ಈಗಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ ಇದೇ ಕಷ್ಟ. ಅಲ್ಲಿನ 17 ಮೀಟರ್ ಉದ್ದದ ಕೆನಡಾರ್ಮ್-2 ಎಂಬ ಕೈಯನ್ನು ಎಷ್ಟೋ ಸಲ ಭೂಮಿಯಿಂದಲೇ ನಡೆಸುತ್ತಾರೆ, ಮೇಲಿನವರ ಸಮಯ ಉಳಿಯಲಿ ಎಂದು. ಮಂಗಳದಲ್ಲಿ ಆ ಸಹಾಯ ಸಿಗುವುದಿಲ್ಲ. ನಮ್ಮ ಕಡೆ ಮರ ಹತ್ತುವವರು ಸಿಗದೆ ದೋಟಿ ಬಂತು. ಅಲ್ಲಿ ದೋಟಿ ಹಿಡಿಯುವವರೂ ಸಿಗದೆ ಕೊನೆಗೌಡರಂಥ ರೋಬೋಟ್ ಬೇಕಾಗುತ್ತದೆ.

ಕೈಗಾ ಮತ್ತು ಎರಡು ವಾರದ ಮೌನ

ಮನುಷ್ಯ ಹೋಗಬಾರದ ಜಾಗದಲ್ಲಿ ಯಂತ್ರ ಕೆಲಸ ಮಾಡುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. ಕಾರವಾರ ತಾಲೂಕಿನ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ರಿಯಾಕ್ಟರ್ ನಡೆಯುತ್ತಿರುವಾಗಲೇ ಇಂಧನ ಬದಲಿಸುತ್ತಾರೆ. ರಿಯಾಕ್ಟರ್‌ನ ಎರಡು ತುದಿಯಲ್ಲಿ ಎರಡು ಯಂತ್ರಗಳು. ಒಂದು ಹೊಸ ಇಂಧನ ತಳ್ಳುತ್ತದೆ, ಇನ್ನೊಂದು ಹಳೆಯದನ್ನು ತೆಗೆದುಕೊಳ್ಳುತ್ತದೆ. ನಡೆಸುವವರು ವಿಕಿರಣದಿಂದ ದೂರದ ಕೋಣೆಯಲ್ಲಿ ಇರುತ್ತಾರೆ. ಇಂಧನಕ್ಕಾಗಿ ನಿಲ್ಲಿಸಬೇಕಿಲ್ಲದ ಕಾರಣ ಕೈಗಾದ ಒಂದನೇ ಘಟಕ 2018ರ ಕೊನೆಯವರೆಗೆ ಸತತ 962 ದಿನ ನಡೆಯಿತು, ಅದು ಆಗಿನ ವಿಶ್ವದಾಖಲೆ. ಬೇರೆ ಗ್ರಹದಲ್ಲೂ ವಿಕಿರಣ ಇದೆ. ಅಲ್ಲಿ ಹೊರಗಿನ ಕೆಲಸದಲ್ಲಿ ಜಾಸ್ತಿ ಪಾಲು ಯಂತ್ರಕ್ಕೇ ಹೋಗುತ್ತದೆ.

ಮಂಗಳದ ಗಾಳಿಯಿಂದ ಆಮ್ಲಜನಕ ತಯಾರಿಸುವ ಪ್ರಯೋಗ ಆಗಲೇ ಆಗಿದೆ. ಪರ್ಸಿವಿಯರೆನ್ಸ್ ಒಳಗಿದ್ದ ಮಾಕ್ಸಿ ಎಂಬ ಪೆಟ್ಟಿಗೆ 2021ರಿಂದ 2023ರವರೆಗೆ 16 ಸಲ ನಡೆದು ಒಟ್ಟು 122 ಗ್ರಾಂ ತಯಾರಿಸಿತು. ಮುಂದೆ ಇಂಥ ದೊಡ್ಡ ಘಟಕ, ಮನುಷ್ಯರು ಬರುವ ಮೊದಲೇ, ತಿಂಗಳುಗಟ್ಟಲೆ ಒಂಟಿಯಾಗಿ ನಡೆಯಬೇಕು.

ಒಂಟಿತನ ಎಂದಾಗ ಇದನ್ನೂ ಬರೆದುಕೊಳ್ಳಿ. ಸುಮಾರು 26 ತಿಂಗಳಿಗೊಮ್ಮೆ ಸೂರ್ಯ ಭೂಮಿಗೂ ಮಂಗಳಕ್ಕೂ ಮಧ್ಯೆ ಬರುತ್ತಾನೆ. ಸೂರ್ಯನ ಸುತ್ತಲಿನ ಬಿಸಿ ಅನಿಲದಲ್ಲಿ ಸಿಗ್ನಲ್ ಹಾಳಾಗುತ್ತದೆ. ಅರ್ಧ ಹಾಳಾದ ಆಜ್ಞೆ ತಲುಪಿದರೆ ರೋವರ್ ತಪ್ಪು ಕೆಲಸ ಮಾಡೀತು ಎಂದು ಸುಮಾರು ಎರಡು ವಾರ ಆಜ್ಞೆಯನ್ನೇ ಕಳಿಸುವುದಿಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿದು ಘಟ್ಟದ ರಸ್ತೆ ಮುಚ್ಚಿದರೆ ನಾವು ಮೊದಲೇ ಅಕ್ಕಿ, ಬೇಳೆ, ಔಷಧ ತಂದಿಟ್ಟುಕೊಂಡಿರುತ್ತೇವೆ. ರೋವರ್‌ಗೂ ಹಾಗೇ, ಎರಡು ವಾರದ ಸರಳ ಕೆಲಸವನ್ನು ಮೊದಲೇ ಬರೆದುಕೊಟ್ಟಿರುತ್ತಾರೆ. ಆ ಹೊತ್ತಿನಲ್ಲಿ ನನ್ನ ಸೂತ್ರಕ್ಕೆ 40 ನಿಮಿಷದ ಬದಲು 14 ದಿನ ಹಾಕಬೇಕು, ಯಾಕಂದರೆ ಅಷ್ಟು ದಿನ ‘ನಿಲ್ಲು’ ಎಂದು ಹೇಳಲು ಆಗುವುದೇ ಇಲ್ಲ. ಆಗ ಕಾಣದ ದೂರ ಎಷ್ಟು ಬರುತ್ತದೆ ಎಂದು ನೀವೇ ಗುಣಿಸಿ ನೋಡಿ, ರೋವರ್ ಅಷ್ಟು ದಿನ ಒಂದೇ ಜಾಗದಲ್ಲಿ ಯಾಕೆ ನಿಂತಿರುತ್ತದೆ ಎಂದು ಗೊತ್ತಾಗುತ್ತದೆ.